ಹಳೆಯ ಹೊಲಿಗೆ ಯಂತ್ರ ಕೊಳ್ಳುವಿರಾ? ಒಂದು ತುಂಡು ಬಟ್ಟೆ ಜೊತೆಗಿರಲಿ

ಕುಪ್ಪಸದ ಬಟ್ಟೆಗಿಂತ ಅದರ ಹೊಲಿಗೆಯ ಕೂಲಿಯೇ ಹೆಚ್ಚಾಗಿ ಎಷ್ಟೋ ದಿನಗಳಾದವು. ಅದೂ ಹೇಳಿದ ದಿನಕ್ಕೆ ಕೈಗೆ ಸಿಕ್ಕರೆ ಪುಣ್ಯ. ನಾಗರ ಪಂಚಮಿ ಹತ್ತಿರ ಬಂತೆಂದರೆ "ನಾಳೆ ಬರ್ರಿ ಅಕ್ಕಾರ" ಎಂಬ ಮಾತು ಕೇಳಿ ಕೇಳಿ ಸಾಕಾಗುತ್ತದೆ. ಮನೆಯಲ್ಲೇ ಒಂದು ಹೊಲಿಗೆ ಯಂತ್ರವಿದ್ದಿದ್ದರೆ ಎಂದು ಯಾವ ಗೃಹಿಣಿಗೆ ಅನಿಸುವುದಿಲ್ಲ ಹೇಳಿ? ಅನಿಸುತ್ತದೆ, ಆದರೆ ಪೇಟೆಯಲ್ಲಿ ಹೊಸದರ ಬೆಲೆ ವಿಚಾರಿಸಿ ಬಂದಮೇಲೆ "ಕಬ್ಬಿನ ಬಿಲ್ಲು ಬರಲಿ, ನೋಡೋಣ" ಎಂದು ಮನೆಯವರು ಹೇಳುತ್ತಾರೆ. ಬಿಲ್ಲು ಬರುತ್ತದೆ, ಸೊಸೈಟಿಯ ಸಾಲಕ್ಕೆ ಹೋಗುತ್ತದೆ. ಮಷೀನು ಮಾತ್ರ ಬರುವುದಿಲ್ಲ.

ಹೊಸದೇ ಏಕೆ ಬೇಕು? ಸ್ವಲ್ಪ ಸುತ್ತಮುತ್ತ ಕಣ್ಣಾಡಿಸಿ. ರಾಯಬಾಗ ತಾಲ್ಲೂಕಿನ ಪಾಲಬಾವಿಯಂಥ ಊರುಗಳಲ್ಲಿ, ಹಾರೂಗೇರಿ, ಮುಗಳಖೋಡ, ಅಥಣಿ, ಚಿಕ್ಕೋಡಿ ಕಡೆಯ ಹಳೆಯ ಮನೆಗಳಲ್ಲಿ, ಪಡಸಾಲೆಯ ಮೂಲೆಯಲ್ಲಿ ಒಂದು ಹಾಸು ಹೊದ್ದುಕೊಂಡು, ತಲೆಯ ಮೇಲೆ ಟಿ.ವಿ.ಯನ್ನೋ ಜೋಳದ ಹಿಟ್ಟಿನ ಡಬ್ಬಿಯನ್ನೋ ಹೊತ್ತುಕೊಂಡು ಒಂದು ಕಪ್ಪು ಯಂತ್ರ ಸುಮ್ಮನೆ ಕುಳಿತಿರುತ್ತದೆ. ಮೂವತ್ತು ನಲವತ್ತು ವರ್ಷಗಳ ಹಿಂದೆ ತವರಿನವರು ಮಗಳಿಗೆ ಪಾತ್ರೆ ಪಡಗದ ಜೊತೆ ಕೊಟ್ಟು ಕಳಿಸಿದ್ದು. ಈಗ ಆ ಮಗಳು ಅಜ್ಜಿಯಾಗಿದ್ದಾಳೆ, ಕಣ್ಣು ಮಂಜಾಗಿದೆ. ಸೊಸೆಗೆ ಹೊಲಿಗೆ ಬಾರದು. ಒಂದು ದಿನ ಗುಜರಿಯವನು ಬಂದು ಅದನ್ನು ಕಿಲೋ ಲೆಕ್ಕದಲ್ಲಿ ಕೇಳುತ್ತಾನೆ. ಕಾಲಿನ ಕಬ್ಬಿಣದ ಚೌಕಟ್ಟು ದೊಡ್ಡ ಊರಿನ ಹೋಟೆಲಿಗೆ ಹೋಗಿ ಮೇಜಾಗುತ್ತದೆ. ತಲೆ ಒಲೆಗೆ ಹೋಗಿ ಕರಗುತ್ತದೆ. ಇನ್ನೂ ಐವತ್ತು ವರ್ಷ ಹೊಲಿಯಬಲ್ಲ ಯಂತ್ರ ಅದು! ಯಾರೋ ಒಬ್ಬಳು ನಾಲ್ಕು ಮನೆಯ ಬಟ್ಟೆ ಹೊಲಿದು ಮಕ್ಕಳ ಫೀಸು ಕಟ್ಟಬಹುದಾಗಿದ್ದ ಯಂತ್ರ. ನನಗಂತೂ ಈ ವ್ಯವಹಾರ ಕಂಡರೆ ಹೊಟ್ಟೆ ಉರಿಯುತ್ತದೆ.

ಗುಜರಿಯವನಿಗಿಂತ ಮೊದಲು ನೀವು ಆ ಮನೆಯ ಬಾಗಿಲು ತಟ್ಟಬೇಕು. ತಟ್ಟುವ ಮೊದಲು ಕೆಲವು ವಿಷಯ ತಿಳಿದಿರಲಿ.

ಹೆಸರು ಯಾವುದು, ಊರು ಯಾವುದು?

ನಮ್ಮ ಕಡೆ ಸಿಗುವ ಹಳೆಯ ಯಂತ್ರಗಳು ಮುಖ್ಯವಾಗಿ ಸಿಂಗರ್, ಉಷಾ, ಮೆರಿಟ್ ಮತ್ತು ರೀಟಾ. ಅಪರೂಪಕ್ಕೆ ಜರ್ಮನಿಯ ಪಾಫ್ ಕೂಡ ಕಣ್ಣಿಗೆ ಬೀಳುತ್ತದೆ.

ಐಸಾಕ್ ಮೆರಿಟ್ ಸಿಂಗರ್ ಎಂಬ ಅಮೆರಿಕದವನು ತನ್ನ ಯಂತ್ರಕ್ಕೆ ಹಕ್ಕುಪತ್ರ ಪಡೆದದ್ದು 1851ರಲ್ಲಿ. (ಮೆರಿಟ್ ಎಂಬ ಹೆಸರೂ ಅವನದೇ ಎಂಬುದನ್ನು ಗಮನಿಸಿ.) ಇಷ್ಟಿಷ್ಟೇ ಕಂತು ಕಟ್ಟಿ ಮನೆಗೆ ಸಾಮಾನು ಒಯ್ಯುವ ಪದ್ಧತಿಯನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿ ತೋರಿಸಿದ್ದೂ ಅವನ ಕಂಪನಿಯೇ, 1856ರ ಸುಮಾರಿಗೆ. ನಾವು ಇಂದು ಮಿಕ್ಸರಿಗೂ ಫ್ರಿಜ್ಜಿಗೂ ಕಟ್ಟುವ ಕಂತಿಗೆ ಹೊಲಿಗೆ ಯಂತ್ರವೇ ಹಿರಿಯಕ್ಕ! ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಎಂಬ ಊರಿನಲ್ಲಿದ್ದ ಸಿಂಗರ್ ಕಾರ್ಖಾನೆ ಒಂದು ಕಾಲಕ್ಕೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಯಂತ್ರಗಳನ್ನು ಮಾಡುತ್ತಿತ್ತು. ಅದು 1980ರಲ್ಲಿ ಮುಚ್ಚಿತು. ನಿಮಗೆ ಸಿಗುವ ಸಿಂಗರಿನ ಬುಡದಲ್ಲಿ ಒತ್ತಿರುವ ಸಂಖ್ಯೆ ಎಫ್ ಅಥವಾ ವೈ ಅಕ್ಷರದಿಂದ ಶುರುವಾದರೆ ಅದು ಆ ಕಾರ್ಖಾನೆಯಿಂದ ಹಡಗು ಹತ್ತಿ ಬಂದದ್ದು, ನೂರು ವರ್ಷದ ಆಸುಪಾಸಿನದು ಎಂದು ತಿಳಿಯಿರಿ. ಕೆಲವುಗಳ ಮೈಮೇಲೆ ಸಿಂಹದ ಮೈ, ಮನುಷ್ಯನ ಮುಖದ ಈಜಿಪ್ಟಿನ ಚಿತ್ರ ಬಂಗಾರದ ಬಣ್ಣದಲ್ಲಿ ಇರುತ್ತದೆ. ಬರೀ ಹೆಸರು ನೋಡಿ ಮರುಳಾಗಬೇಡಿ. ಹೆಸರನ್ನು ಯಾರು ಬೇಕಾದರೂ ಅಂಟಿಸಬಹುದು, ಕಬ್ಬಿಣಕ್ಕೆ ಒತ್ತಿದ ಸಂಖ್ಯೆಯನ್ನು ಅಂಟಿಸಲಾಗದು.

ಉಷಾ ನಮ್ಮ ದೇಶದ್ದೇ ಕೂಸು. ಕಲ್ಕತ್ತದ ಜಯ್ ಇಂಜಿನಿಯರಿಂಗ್ ವರ್ಕ್ಸ್ 1930ರ ದಶಕದಲ್ಲಿ ಇದನ್ನು ಮಾಡಲು ಶುರುಮಾಡಿತು. ಸಂಸ್ಥಾಪಕರ ಮಗಳ ಹೆಸರನ್ನೇ ಯಂತ್ರಕ್ಕೆ ಇಟ್ಟರು ಎನ್ನುತ್ತಾರೆ. ರೀಟಾ ಪಂಜಾಬಿನ ಲೂಧಿಯಾನದ್ದು. ಹೊಲಿಗೆ ಯಂತ್ರದ ಬಿಡಿಭಾಗಗಳಿಗೆ ಇಂದಿಗೂ ಅದೇ ಊರು ಹೆಸರುವಾಸಿ.

ಯಂತ್ರಗಳೆಂದರೆ ಅಷ್ಟಕ್ಕಷ್ಟೇ ಆಗಿದ್ದ ಗಾಂಧೀಜಿ ಕೂಡ ಹೊಲಿಗೆ ಯಂತ್ರವನ್ನು ಮಾತ್ರ ಬೇರೆ ಸಾಲಿನಲ್ಲಿ ಇಟ್ಟಿದ್ದರು. 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅವರು ಅಧ್ಯಕ್ಷರಾಗಿ ಬಂದರಲ್ಲ, ಅದಕ್ಕೆ ಸ್ವಲ್ಪ ಮೊದಲು ನಡೆದ ಒಂದು ಸಂವಾದದಲ್ಲಿ, ಮನುಷ್ಯ ಕಂಡುಹಿಡಿದ ಕೆಲವೇ ಉಪಯುಕ್ತ ವಸ್ತುಗಳಲ್ಲಿ ಇದೂ ಒಂದು ಎಂಬ ಅರ್ಥದ ಮಾತು ಆಡಿದ್ದರು. ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ದಣಿಯುವುದನ್ನು ನೋಡಲಾರದೆ ಸಿಂಗರ್ ಇದನ್ನು ಮಾಡಿದ ಎಂದು ಅವರ ನಂಬಿಕೆ. ಸಿಂಗರನ ಸಂಸಾರದ ನಿಜವಾದ ಕತೆ ಬೇರೆಯೇ ಇದೆ. ಅದು ನಮಗೆ ಬೇಡ ಬಿಡಿ!

ಬಾಬಿನ್ ನೋಡಿ ಮಾತಾಡಿ

ಯಂತ್ರದ ಮುಂದೆ ಕುಳಿತ ಕೂಡಲೇ ಮೊದಲು ನೋಡಬೇಕಾದದ್ದು ಬಣ್ಣವನ್ನಲ್ಲ, ಬಾಬಿನ್ನನ್ನು. ಎಡಗಡೆಯ ಜಾರುವ ತಗಡನ್ನು ಸರಿಸಿ ಒಳಗೆ ಇಣುಕಿ. ದುಂಡನೆಯ ಬಾಬಿನ್, ಅದಕ್ಕೊಂದು ಬಟ್ಟಲಿನಂಥ ಕೇಸ್ ಇದ್ದರೆ ಕಣ್ಣುಮುಚ್ಚಿ ಮುಂದುವರಿಯಬಹುದು. ಉಷಾ, ಮೆರಿಟ್, ರೀಟಾ ಮತ್ತು ಆ ಮಾದರಿಯ ಸಿಂಗರಿಗೆ ಬಾಬಿನ್ನೂ ಸೂಜಿಯೂ ಹೆಚ್ಚುಕಡಿಮೆ ಒಂದೇ. ತಾಲ್ಲೂಕು ಊರಿನ ಯಾವ ಹೊಲಿಗೆ ಸಾಮಾನಿನ ಅಂಗಡಿಯಲ್ಲೂ ಸಿಗುತ್ತವೆ. ಅದರ ಬದಲು ದೋಣಿಯಾಕಾರದ ಉದ್ದನೆಯ ಶಟಲ್, ಅದರೊಳಗೆ ಕಡ್ಡಿಯಂಥ ಬಾಬಿನ್ ಕಂಡರೆ ಅದು ಬಹಳ ಹಳೆಯದು. ಹೊಲಿಗೆ ಚೆಂದವೇ ಇರುತ್ತದೆ, ಆದರೆ ಆ ಶಟಲ್ ಕಳೆದುಹೋಗಿದ್ದರೆ, ಮುರಿದಿದ್ದರೆ ಇನ್ನೊಂದು ಹುಡುಕುವುದು ಮಿರಜಕ್ಕೆ ಹೋದರೂ ಕೊಲ್ಹಾಪುರಕ್ಕೆ ಹೋದರೂ ಕಷ್ಟ. ಶಟಲ್ಲೂ ನಾಲ್ಕಾರು ಬಾಬಿನ್ನೂ ಜೊತೆಗೇ ಕೊಟ್ಟರೆ ಮಾತ್ರ ತೆಗೆದುಕೊಳ್ಳಿ.

ಆಮೇಲೆ ಬಲಗಡೆಯ ಕೈಗಾಲಿಯನ್ನು ನಿಮ್ಮ ಕಡೆಗೆ ಮೆಲ್ಲಗೆ ತಿರುಗಿಸಿ. ಹಗುರಾಗಿ ತಿರುಗಿದರೆ ಸರಿ. ಒಂದೇ ಜಾಗದಲ್ಲಿ ಪ್ರತಿ ಸುತ್ತಿಗೂ ಬಿಗಿಯಾದರೆ ಒಳಗೆ ಎಲ್ಲೋ ದಾರ ಸಿಕ್ಕಿದೆ, ಇಲ್ಲವೇ ಏನೋ ಬಾಗಿದೆ. ಒಟ್ಟಾರೆ ಜಡವಾಗಿದ್ದರೆ, ಅಥವಾ ಅಲುಗಾಡದೆಯೇ ನಿಂತಿದ್ದರೆ ಹೆದರಬೇಡಿ; ಹಳೆಯ ಎಣ್ಣೆ ಒಣಗಿ ಅಂಟಾಗಿರುತ್ತದೆ, ಅಷ್ಟೇ. ಇಂಥ "ಕೆಟ್ಟುಹೋದ" ಮಷೀನುಗಳೇ ಅತಿ ಅಗ್ಗಕ್ಕೆ ಸಿಗುವವು. ಎರಕದ ಕಬ್ಬಿಣದಲ್ಲಿ ಬಿರುಕು ಬಿಟ್ಟಿದ್ದರೆ ಮಾತ್ರ ಕೈಮುಗಿದು ಎದ್ದು ಬನ್ನಿ. ಮೇಲ್ಮೈಯ ತುಕ್ಕಿಗೆ ಔಷಧವುಂಟು, ಬಿರುಕಿಗೆ ಇಲ್ಲ.

ಸೂಜಿ ಹಿಡಿಯುವ ಕಂಬಿಯನ್ನು ಎರಡು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಬಹಳ ಆಡಿದರೆ ಸವೆದಿದೆ. ಸೂಜಿ ಇಳಿಯುವ ತೂತಿನ ಸುತ್ತ ಬೆರಳಾಡಿಸಿ. ಸೂಜಿ ಬಡಿದು ಬಡಿದು ಅಂಚು ಗೀರಾಗಿದ್ದರೆ ದಾರ ಪದೇಪದೇ ಕಡಿಯುತ್ತದೆ. ಅದೊಂದು ತಗಡನ್ನು ಬದಲಿಸಿದರೆ ಸಾಕು, ಆದರೆ ಬೆಲೆಯಲ್ಲಿ ಚೌಕಾಸಿ ಮಾಡಲು ಒಳ್ಳೆಯ ಕಾರಣ. ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲುಗಳು ಬೆರಳಿಗೆ ಚುರುಕಾಗಿ ತಾಗಬೇಕು. ಮರದ ಹಲಗೆಯ ಕೆಳಗೆ ಬಗ್ಗಿ ನೋಡಿ, ಗೆದ್ದಲಿನ ಮಣ್ಣು ಇದೆಯೇ ಅಂತ. ಇದನ್ನು ಬಹಳ ಜನ ನೋಡುವುದೇ ಇಲ್ಲ.

ಈಗ ನಿಮ್ಮ ತುಂಡು ಬಟ್ಟೆ ಹೊರಗೆ ಬರಲಿ. ಮಾರುವವರು ಕೊಡುವ ಬಟ್ಟೆಯ ಮೇಲೆ ಹೊಲಿದು ನೋಡಬೇಡಿ. ಅವರ ಯಂತ್ರಕ್ಕೆ ಒಗ್ಗಿದ ಬಟ್ಟೆಯನ್ನೇ ಅವರು ಇಟ್ಟಿರುತ್ತಾರೆ! ಮನೆಯಿಂದ ತೆಳ್ಳನೆಯ ಹತ್ತಿಯ ಒಂದು ತುಂಡು, ಹಳೆಯ ಜೀನ್ಸಿನ ಒಂದು ತುಂಡು ಒಯ್ಯಿರಿ. ಜೊತೆಗೆ ಎರಡು ಬಣ್ಣದ ದಾರ. ಮೇಲೆ ಕಪ್ಪು ಪೋಣಿಸಿ, ಕೆಳಗೆ ಬಾಬಿನ್ನಿಗೆ ಬಿಳಿ ಸುತ್ತಿ. ಪೋಣಿಸುವಾಗ ಒತ್ತುವ ಕಾಲನ್ನು ಎತ್ತಿಟ್ಟಿರಬೇಕು, ಇಲ್ಲದಿದ್ದರೆ ಟೆನ್ಶನ್ನಿನ ಬಿಲ್ಲೆಗಳ ನಡುವೆ ದಾರ ಕೂಡುವುದಿಲ್ಲ. ಒಂದು ಗೇಣು ಹೊಲಿದು ಎರಡೂ ಬದಿ ನೋಡಿ. ಮೇಲೆ ಬರೀ ಕಪ್ಪು, ಕೆಳಗೆ ಬರೀ ಬಿಳಿ ಕಂಡರೆ ಎರಡು ದಾರಗಳು ಬಟ್ಟೆಯ ನಡುವೆ ಸರಿಯಾಗಿ ಕೈ ಹಿಡಿದಿವೆ ಎಂದರ್ಥ. ಮೇಲುಗಡೆ ಬಿಳಿ ಚುಕ್ಕೆ ಎದ್ದರೆ ಮೇಲಿನ ಟೆನ್ಶನ್ ಬಿಗಿ. ಕೆಳಗೆ ಕಪ್ಪು ಕುಣಿಕೆ ಕಟ್ಟಿದರೆ ಸಡಿಲು. ತಿರುಪು ತಿರುವಿ ಸರಿಹೋದರೆ ಚಿಂತೆಯಿಲ್ಲ. ಎಷ್ಟು ತಿರುವಿದರೂ ಸರಿಹೋಗದಿದ್ದರೆ ದರ್ಜಿಯೊಬ್ಬರಿಗೆ ತೋರಿಸದೆ ದುಡ್ಡು ಕೊಡಬೇಡಿ. ಸೂಜಿಯ ಚಪ್ಪಟೆ ಬದಿ ಯಾವ ಕಡೆಗೆ ಇದೆ ಎಂದು ಆಗಲೇ ಕಣ್ಣಿಗೆ ತುಂಬಿಕೊಳ್ಳಿ. ಅದನ್ನು ತಿರುವುಮುರುವು ಹಾಕಿ "ಮಿಶನ್ ಕೆಟ್ಟೈತಿ" ಎನ್ನುವವರೇ ಹೆಚ್ಚು.

ಬೆಲೆಯ ಮಾತು. ಮನೆಯಲ್ಲಿ ಹೊಲಿಯುವ ಸಾದಾ ಹೊಸ ಯಂತ್ರದ ಬೆಲೆ ಮೊದಲು ಅಂಗಡಿಯಲ್ಲಿ ಕೇಳಿಕೊಳ್ಳಿ. ಹಳೆಯದಕ್ಕೆ ಅದರ ಅರ್ಧದ ಮೇಲೆ ಹೋಗಬಾರದು ಎಂಬುದು ನನ್ನ ಲೆಕ್ಕ, ಅದೂ ಕಾಲಿನ ಚೌಕಟ್ಟು ಸಮೇತ. "ಇದು ಪುರಾತನ ವಸ್ತು, ಲಕ್ಷ ಬಾಳುತ್ತದೆ" ಎನ್ನುವವರಿಗೆ ಕಿವಿಗೊಡಬೇಡಿ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಳೆಯ ಸಿಂಗರ್ ಸೂಜಿಗಳಲ್ಲಿ "ಕೆಂಪು ಪಾದರಸ" ಇದೆ ಎಂಬ ಗಾಳಿಸುದ್ದಿ ಎದ್ದು, ಮೊಬೈಲ್ ಫೋನ್ ಹತ್ತಿರ ಹಿಡಿದು ಪರೀಕ್ಷೆ ಮಾಡುತ್ತ, ಜನ ಕೇಳಿದಷ್ಟು ಕೊಟ್ಟು ಮುಗಿಬಿದ್ದು ಕೊಂಡರು. ಕಡೆಗೆ ಎಲ್ಲ ಬರೀ ಪೊಳ್ಳು. ಸೂಜಿಯೊಳಗೆ ಉಕ್ಕಲ್ಲದೆ ಇನ್ನೇನಿರುತ್ತದೆ?

ಹಣ ಎಲ್ಲಿಂದ ಎನ್ನುತ್ತೀರಾ? 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯನ್ನು ಕೂಡಿಟ್ಟು ನಮ್ಮ ರಾಯಬಾಗ ತಾಲ್ಲೂಕಿನ ಅಜ್ಜಿಯೊಬ್ಬರು ಊರಿಗೇ ಹೋಳಿಗೆ ಊಟ ಹಾಕಿಸಿದ್ದು 2024ರಲ್ಲಿ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಹೋಳಿಗೆಯಾಗುವ ದುಡ್ಡು ಮಷೀನೂ ಆಗಬಹುದು. ಹೊಲಿಗೆಯನ್ನೇ ಉದ್ಯೋಗ ಮಾಡಿಕೊಂಡವರಿಗೆ 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಗಳ ಕಸುಬೂ ಸೇರಿದ್ದು, ಸಲಕರಣೆಗೆ 15,000 ರೂಪಾಯಿವರೆಗೆ ನೆರವು ಇಟ್ಟಿದ್ದರು. ಅಂಥವರು ಗ್ರಾಮ ಪಂಚಾಯ್ತಿಯಲ್ಲಿ ವಿಚಾರಿಸುವುದು ಒಳ್ಳೆಯದು. ಹೇಗೇ ಕೊಳ್ಳಿ, ಕೊಂಡ ಚೀಟಿ ಬರೆಸಿಕೊಳ್ಳಿ, ಚೀಟಿಯಲ್ಲಿ ನಿಮ್ಮ ಹೆಸರೇ ಇರಲಿ. ಮನೆಯವರ ಹೆಸರಲ್ಲ. ಹೊಲ ಅವರದು, ಮನೆ ಅವರದು, ಗಾಡಿ ಅವರದು. ಇದೊಂದು ನಿಮ್ಮದಾಗಿರಲಿ.

ಅಜ್ಜಿಯನ್ನು ಕೇಳಿದಿರಾ?

ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕೆಂದಿರುವ ಮಾತು ಇದು. ಹಳೆಯ ಯಂತ್ರವನ್ನು ಮಾರಲು ನಿಲ್ಲುವವನು ಸಾಮಾನ್ಯವಾಗಿ ಮನೆಯ ಮಗ. ಅದರ ಮೇಲೆ ಹೊಲಿದವಳು ತಾಯಿ. ಮಗನಿಗೆ ಬೆಲೆ ಗೊತ್ತು, ಯಂತ್ರ ಗೊತ್ತಿಲ್ಲ. ನಮ್ಮ ಪರಿಚಯದ ಒಬ್ಬ ಹೆಣ್ಣುಮಗಳು ಹೀಗೇ ಒಂದು ಮನೆಗೆ ಮಷೀನು ನೋಡಲು ಹೋಗಿದ್ದಳು. ಬಾಬಿನ್ ಕೇಸ್ ಇಲ್ಲ, ಬೆಲ್ಟ್ ಇಲ್ಲ. "ಗುಜರಿಗೆ ಹಾಕೂದೇ ಇತ್ರಿ, ನೀವು ಬಂದ್ರಿ" ಎಂದು ಮಗ ಹೇಳುತ್ತಿದ್ದ. ಒಳಗಿನಿಂದ ತಾಯಿ, "ಕೇಸು ನನ್ನ ಟ್ರಂಕಿನ್ಯಾಗ ಐತಿ. ಸಣ್ಣ ಹುಡುಗ್ರು ಕೈ ಹಾಕ್ತಾವಂತ ತಗದ ಇಟ್ಟೀನಿ. ಅದು ಇನ್ನಾ ಹೊಲಿತೈತಿ" ಎಂದಳು. ಟ್ರಂಕು ತೆರೆದರೆ ಕೇಸು ಒಂದೇ ಅಲ್ಲ, ಅರಿವೆಯಲ್ಲಿ ಸುತ್ತಿಟ್ಟ ಎಂಟು ಬಾಬಿನ್, ತಿರುಪುಳಿ, ಎಣ್ಣೆಯ ಡಬ್ಬಿ, ಅಂಚು ಮಡಿಸುವ ಕಾಲು, ಎಲ್ಲವೂ. ಅದರ ಮೇಲೆ ಇಬ್ಬರು ಹೆಣ್ಣುಮಕ್ಕಳ ಮದುವೆಯ ಕುಪ್ಪಸ ಹೊಲಿದಿದ್ದಳಂತೆ. ಮಾರುತ್ತಿರುವ ವಿಷಯ ಆಕೆಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಆ ಹೆಣ್ಣುಮಗಳು ಅಂದು ದುಡ್ಡು ಕೊಡಲಿಲ್ಲ. "ನೀವು ವಿಚಾರ ಮಾಡ್ರಿ ಅವ್ವಾ, ಮುಂದಿನ ಸಂತೀಗೆ ಬರ್ತೀನಿ" ಎಂದು ಬಂದಳು. ಸಂತೆಯ ದಿನ ಹೋದಾಗ ಮುದುಕಿ ಮಷೀನಿಗೆ ಎಣ್ಣೆ ಹಾಕಿಟ್ಟಿದ್ದಳು. ದುಡ್ಡನ್ನು ಮಗನ ಕೈಗಲ್ಲ, ತನ್ನ ಕೈಗೇ ಇಸಿದುಕೊಂಡಳು. ಸೂಜಿಗೆ ಪೋಣಿಸುವುದನ್ನು, ದಪ್ಪ ಬಟ್ಟೆ ಬಂದಾಗ ಗಾಲಿಯನ್ನು ಕೈಯಿಂದಲೇ ಸುತ್ತಿ ದಾಟಿಸುವುದನ್ನು ತೋರಿಸಿಕೊಟ್ಟಳು. ಯಾವ ಅಂಗಡಿಯವನು ಇಷ್ಟೆಲ್ಲ ಹೇಳಿಕೊಡುತ್ತಾನೆ?

ಆಕೆಗೆ ಮನಸ್ಸಿಲ್ಲವೆಂದು ಕಂಡರೆ ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ. ಇನ್ನೊಂದು ಸಿಗುತ್ತದೆ.

ಮನೆಗೆ ತಂದ ಮೇಲೆ

ತಂದ ದಿನವೇ ಹೊಲಿಯಲು ಕೂಡಬೇಡಿ. ಮೊದಲು ಬೆಲ್ಟು ಬಿಚ್ಚಿ, ತಲೆಯನ್ನು ಹಿಂದಕ್ಕೆ ಮಡಚಿ, ಹಳೆಯ ಟೂತ್‌ಬ್ರಷ್ಷಿನಿಂದ ಹಲ್ಲುಗಳ ನಡುವೆ, ಶಟಲ್ಲಿನ ಸುತ್ತ ಮೆತ್ತಿಕೊಂಡ ದಾರದ ಧೂಳನ್ನೆಲ್ಲ ತೆಗೆಯಿರಿ. ಅಂಟಿಕೊಂಡಿದ್ದರೆ ಎಣ್ಣೆಯ ತೂತುಗಳಿಗೆ ಎರಡೆರಡು ಹನಿ ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಗಾಲಿಯನ್ನು ಕೈಯಿಂದ ಹಿಂದೆ ಮುಂದೆ ಆಡಿಸಿ, ಜೋರು ಮಾಡಬೇಡಿ. ಒಂದೇ ದಿನಕ್ಕೆ ಬಿಡದಿದ್ದರೆ ಮೂರು ದಿನ ಮಾಡಿ. ದೀಪ, ಒಲೆ ಹತ್ತಿರ ಇರಬಾರದು ಎಂದು ಬೇರೆ ಹೇಳಬೇಕಾಗಿಲ್ಲವಷ್ಟೇ. ಸಡಿಲಾದ ಮೇಲೆ ಕಪ್ಪಗೆ ಇಳಿದುಬರುವ ಕೊಳೆ ಒರೆಸಿ, ಮಷೀನಿನ ಬಿಳಿ ಎಣ್ಣೆ ಹಾಕಿ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಖಂಡಿತ ಬೇಡ. ಅಡಿಗೆ ಎಣ್ಣೆ ಒಣಗಿ ಅಂಟಾಗುತ್ತದೆ, ಅದನ್ನು ಬಿಡಿಸಲು ಮತ್ತೆ ಸೀಮೆಎಣ್ಣೆಯೇ ಬೇಕು. ಬಂಗಾರದ ಚಿತ್ತಾರವಿದ್ದ ಕಡೆ ಸ್ಪಿರಿಟ್, ಸೋಡಾ, ಪಾತ್ರೆ ತಿಕ್ಕುವ ನಾರು ತಾಗಿಸಬೇಡಿ. ಅದೇ ಮಷೀನ್ ಎಣ್ಣೆಯನ್ನು ಮೆತ್ತನೆಯ ಅರಿವೆಗೆ ಹಾಕಿ ಮೆಲ್ಲಗೆ ಒರೆಸಿದರೆ ಸಾಕು, ಹೊಳಪು ತಾನಾಗಿ ಬರುತ್ತದೆ.

ಕಾಲಿನಿಂದ ತುಳಿದು ಹೊಲಿಯಲು ಹೊಸಬರಾದರೆ ಒಂದು ವಾರ ದಾರವಿಲ್ಲದೆ ಅಭ್ಯಾಸ ಮಾಡಿ. ಗಾಲಿಯ ಮೇಲ್ಭಾಗ ಯಾವಾಗಲೂ ನಿಮ್ಮ ಕಡೆಗೇ ತಿರುಗಬೇಕು. ಹಿಂದಕ್ಕೆ ಹೋದರೆ ಒಳಗೆ ದಾರ ಗಂಟಾಗುತ್ತದೆ. ಮಕ್ಕಳ ಹಳೆಯ ಗೆರೆ ನೋಟ್‌ಬುಕ್ಕಿನ ಹಾಳೆ ಹರಿದು, ಗೆರೆಯ ಮೇಲೆಯೇ ಬರೀ ಸೂಜಿ ಓಡಿಸಿ. ಗೆರೆ ಬಿಟ್ಟು ತೂತು ಹೋಗದಂತಾದ ದಿನ ಬಟ್ಟೆಗೆ ಬನ್ನಿ. ಆ ಸೂಜಿ ಮೊಂಡಾಗಿರುತ್ತದೆ, ಹೊಸದು ಹಾಕಿ. ತೆಳ್ಳನೆಯ ಬಟ್ಟೆಗೆ 14ನೇ ನಂಬರು, ಸಾಧಾರಣದ್ದಕ್ಕೆ 16, ಜೀನ್ಸಿನಂಥದಕ್ಕೆ 18. ಸೀರೆಯ ನೆರಿಗೆ, ಸೆರಗು ಗಾಲಿಗೆ ಸಿಗದಂತೆ ಸಿಕ್ಕಿಸಿಕೊಂಡೇ ಕೂಡಿ.

ಇನ್ನು ಸುಖದ ಮಾತು. ಕಾಲು ತಾಳ ಹಿಡಿದು, ಯಂತ್ರ ಕಟಕಟ ಎನ್ನುತ್ತ, ಬಟ್ಟೆ ತಾನಾಗಿ ಕೈಯಿಂದ ಜಾರುತ್ತ ಹೋಗುವ ಆ ಮಧ್ಯಾಹ್ನದ ಒಂದು ತಾಸು ಇದೆಯಲ್ಲ, ಅದನ್ನು ಅನುಭವಿಸಿಯೇ ತಿಳಿಯಬೇಕು. ಕರೆಂಟು ಹೋದರೂ ನಿಲ್ಲುವುದಿಲ್ಲ, ನಮ್ಮ ಕಡೆ ಇದೇನು ಸಣ್ಣ ಮಾತೇ? ಮೊದಲು ದಿಂಬಿನ ಚೀಲ, ಸಂತೆಯ ಕೈಚೀಲ ಹೊಲಿಯಿರಿ. ಆಮೇಲೆ ಪರಕಾರ, ಮಕ್ಕಳ ಚಡ್ಡಿ. ಮನೆಯಲ್ಲೋ ಓಣಿಯಲ್ಲೋ ಬಾಣಂತಿಯಿದ್ದರೆ ಕೂಸಿಗೊಂದು ಕುಂಚಿಗೆ. ಕೈ ಕುದುರಿದ ಮೇಲೆ ಕುಪ್ಪಸ. ಗುಳೇದಗುಡ್ಡದ ಖಣವನ್ನು ಮಾತ್ರ ಮೊದಲ ಪ್ರಯೋಗಕ್ಕೆ ಕತ್ತರಿಸಬೇಡಿ. ಹಳೆಯ ಧೋತರದಲ್ಲಿ ಒಂದು ಮಾದರಿ ಹೊಲಿದು ತೊಟ್ಟು ನೋಡಿ, ಅಳತೆ ಕೂಡಿದರೆ ಖಣಕ್ಕೆ ಕತ್ತರಿ ಹಾಕಿ.

ಮಷೀನು ಬಂತೆಂದು ಎಲ್ಲವನ್ನೂ ಅದರ ಕೆಳಗೆ ತುರುಕಲೂಬಾರದು. ಕಸೂತಿ ಕೈಯದೇ. ಎಳೆ ಎಣಿಸಿ, ಗಂಟಿಲ್ಲದೆ, ಎರಡೂ ಬದಿ ಒಂದೇ ತೋರುವಂತೆ ಹಾಕುವ ಆ ಕೆಲಸ ಈ ಯಂತ್ರಕ್ಕೆ ಬಾರದು. ಕೌದಿಯೂ ಅಷ್ಟೇ. ನಾಲ್ಕೈದು ಪದರ ಹಳೆಯ ಸೀರೆಯನ್ನು ತುಳಿದು ಹೊಲಿಯಲು ಹೋದರೆ ಸೂಜಿ ಮುರಿಯುತ್ತದೆ, ಪದರ ಜಾರಿ ಸುಕ್ಕು ಕಟ್ಟುತ್ತದೆ. ಅದೂ ಅಲ್ಲದೆ ಕೈಯ ಕೌದಿಯ ಮೆತ್ತನೆಯ ಗುಣ ಅದಕ್ಕೆ ಬರುವುದೇ ಇಲ್ಲ. ಮೇಲಿನ ಪದರದ ಬಣ್ಣಬಣ್ಣದ ತುಂಡುಗಳನ್ನು ಜೋಡಿಸುವಷ್ಟು ಕೆಲಸ ಮಷೀನಿಗೆ ಕೊಡಿ. ಮೂರು ದಿನದ ಕೆಲಸ ಅರ್ಧ ದಿನಕ್ಕೆ ಮುಗಿಯುತ್ತದೆ. ಮುಂದಿನ ಸಾಲು ಟಾಕಿ ಓಣಿಯ ನಾಲ್ವರು ಸುತ್ತ ಕುಳಿತು ಕೈಯಿಂದಲೇ ಹಾಕಿ.

ದಿನಾ ಹೊಲಿಯುವವರು ವಾರಕ್ಕೊಮ್ಮೆ, ಆಗೀಗ ಹೊಲಿಯುವವರು ತಿಂಗಳಿಗೊಮ್ಮೆ ಎಣ್ಣೆ ಹಾಕಿ, ಆಮೇಲೆ ಒಂದು ಚಿಂದಿಯ ಮೇಲೆ ಓಡಿಸಿ ಹೆಚ್ಚಿನದನ್ನು ಇಳಿಸಿ. ಮಳೆಗಾಲದಲ್ಲಿ ಚರ್ಮದ ಬೆಲ್ಟು ಸಡಿಲಾಗಿ ಗಾಲಿ ಜಾರಿದರೆ ಕೊಕ್ಕೆ ಬಿಚ್ಚಿ ಕಾಲಂಗುಲ ಕತ್ತರಿಸಿ ಮತ್ತೆ ಸಿಕ್ಕಿಸಿದರಾಯಿತು. ಕೆಲಸ ಮುಗಿದ ಮೇಲೆ ಕಾಲಿನ ಕೆಳಗೆ ಒಂದು ತುಂಡು ಬಟ್ಟೆ ಇಟ್ಟು ಇಳಿಸಿ. ಮಹಾನವಮಿಯ ಆಯುಧಪೂಜೆಗೆ ಯಂತ್ರಕ್ಕೆ ವಿಭೂತಿ, ಕುಂಕುಮ ಹಚ್ಚುತ್ತೀರಲ್ಲ, ಗಾಲಿಗೆ ಹಚ್ಚಿ, ಚೌಕಟ್ಟಿಗೆ ಹಚ್ಚಿ. ಮೇಲಿನ ಎಣ್ಣೆಯ ತೂತುಗಳಿಗೆ ಮಾತ್ರ ಬೀಳದಂತೆ ನೋಡಿಕೊಳ್ಳಿ.